ಮರ ಹತ್ತುವ ದ್ರಾಕ್ಷಿ, ಮತ್ತು ನಮ್ಮ ಬೆಂಗಳೂರು ನೀಲಿ

ಇವತ್ತು ಓಜಲೇಶಿ ಅನ್ನುವ ಒಂದು ಕಪ್ಪು ದ್ರಾಕ್ಷಿಯ ಬಗ್ಗೆ ಮಾತಾಡುತ್ತೇನೆ. ಊರು ಜಾರ್ಜಿಯಾ. ಅಮೆರಿಕದಲ್ಲಿರುವ ಜಾರ್ಜಿಯಾ ರಾಜ್ಯ ಅಲ್ಲ, ಕಪ್ಪು ಸಮುದ್ರದ ಪೂರ್ವ ದಡದಲ್ಲಿ, ಟರ್ಕಿ ಮತ್ತು ರಷ್ಯಾ ಮಧ್ಯೆ ಸಿಕ್ಕಿಕೊಂಡಿರುವ ಪುಟ್ಟ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಜನ 40 ಲಕ್ಷವೂ ಇಲ್ಲ.

ಅಪರೂಪದ ತಳಿ ಉಳಿಸಿದವರ ಕಥೆ ಅಂದ ತಕ್ಷಣ ನಮಗೆ ಒಂದು ಚಿತ್ರ ಬರುತ್ತದೆ. ಯಾರೋ ಪುಣ್ಯಾತ್ಮರು ನಗರದ ಕೆಲಸ ಬಿಟ್ಟು ಹಳ್ಳಿಗೆ ಹೋದರು, ಅಜ್ಜನ ಕಾಲದ ಬಳ್ಳಿ ಹುಡುಕಿದರು, ಅದನ್ನು ಬದುಕಿಸಿದರು. ಪತ್ರಿಕೆಗಳಲ್ಲಿ ಬರುವುದು ಅಷ್ಟೇ. ಓದಿ ಖುಷಿಪಡುತ್ತೇವೆ, ಮುಂದಿನ ಪುಟಕ್ಕೆ ಹೋಗುತ್ತೇವೆ. ನನಗೆ ಈ ಕಥೆಗಳಲ್ಲಿ ಯಾವಾಗಲೂ ಒಂದು ಪ್ರಶ್ನೆ ಕಾಡುತ್ತದೆ. ಅಷ್ಟು ಒಳ್ಳೆಯ ತಳಿ ಆಗಿದ್ದರೆ ಅಜ್ಜ ಯಾಕೆ ಬಿಟ್ಟ? ಅಜ್ಜನಿಗೇನು ತಲೆ ಕೆಟ್ಟಿತ್ತಾ? ಇಲ್ಲ ತಾನೇ. ಅವನಿಗೆ ಒಂದು ಲೆಕ್ಕ ಇತ್ತು. ಆ ಲೆಕ್ಕ ಏನು ಅಂತ ತಿಳಿಯದೆ ತಳಿಯನ್ನು ವಾಪಸ್ ತಂದರೆ ಅದು ಮತ್ತೆ ಹೋಗುತ್ತದೆ ಅಂತ ನನ್ನ ವಾದ.

ಮೊದಲು ಜಾರ್ಜಿಯಾ ಬಗ್ಗೆ ಎರಡು ಮಾತು. ದ್ರಾಕ್ಷಿಯಿಂದ ವೈನ್ ಮಾಡಿದ್ದಕ್ಕೆ ಈವರೆಗೆ ಸಿಕ್ಕಿರುವ ಅತಿ ಹಳೆಯ ಪುರಾವೆಗಳಲ್ಲಿ ಅಲ್ಲಿಯದೂ ಒಂದು. ರಾಜಧಾನಿ ಟಿಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ, ಶುಲಾವೆರಿ ಗೋರಾ ಅಂತ ಎರಡು ದಿಬ್ಬಗಳಿವೆ. ಅಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಹುಳಿ, ಅಂದರೆ ಟಾರ್ಟಾರಿಕ್ ಆಮ್ಲದ ಅಂಶ ಇತ್ತು, ಆ ಮಡಕೆಗಳಿಗೆ ಸುಮಾರು 8,000 ವರ್ಷ ವಯಸ್ಸು ಅಂತ 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ದೇಶದಲ್ಲಿ ಇವತ್ತಿಗೂ 500ಕ್ಕೂ ಹೆಚ್ಚು ಸ್ಥಳೀಯ ದ್ರಾಕ್ಷಿ ತಳಿಗಳ ಹೆಸರು ದಾಖಲೆಯಲ್ಲಿವೆ. ಆದರೆ ಅಂಗಡಿಗೆ ಹೋದರೆ ನಿಮಗೆ ಜಾಸ್ತಿ ಕಾಣುವುದು ಎರಡೇ: ಬಿಳಿಯಲ್ಲಿ ರ್ಕಾತ್ಸಿತೆಲಿ, ಕಪ್ಪಿನಲ್ಲಿ ಸಪೆರಾವಿ. ಎರಡೂ ಪೂರ್ವದ ಕಾಖೇತಿ ಸೀಮೆಯವು. ಸೋವಿಯತ್ ಕಾಲದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಟನ್‌ಗಟ್ಟಲೆ ಒಂದೇ ಥರದ ಹಣ್ಣು ಬೇಕಿತ್ತು, ಹೆಚ್ಚು ಇಳುವರಿ ಕೊಡುವ, ಒಂದೇ ಸಲ ಮಾಗುವ ಕೆಲವೇ ತಳಿಗಳನ್ನು ಎಲ್ಲ ಕಡೆ ಹಾಕಿಸಿದರು. ಉಳಿದವು ಮನೆ ಹಿತ್ತಲಿಗೆ ಸರಿದವು, ಆಮೇಲೆ ಅಲ್ಲಿಂದಲೂ ಹೋದವು.

ಆದರೆ ಓಜಲೇಶಿಯ ಕಷ್ಟ ಸೋವಿಯತ್‌ಗಿಂತ ಬಹಳ ಮೊದಲೇ ಶುರುವಾಗಿತ್ತು. ಅದು ಪಶ್ಚಿಮದ ಸಮೆಗ್ರೆಲೊ ಸೀಮೆಯ ದ್ರಾಕ್ಷಿ. ಕಾಖೇತಿ ಒಣ ಪ್ರದೇಶ, ಸಮೆಗ್ರೆಲೊ ಹಾಗಲ್ಲ. ಸಮುದ್ರದ ಗಾಳಿ ನೇರ ಬಂದು ಕಾಕಸಸ್ ಬೆಟ್ಟಗಳಿಗೆ ಹೊಡೆಯುತ್ತದೆ, ಮಳೆ ಸುರಿಯುತ್ತದೆ, ಎಲ್ಲೆಲ್ಲೂ ಹಸಿರು. ಮೆಕ್ಕೆಜೋಳ, ಹೇಝಲ್‌ನಟ್ ಬೆಳೆಯುತ್ತಾರೆ. ನೆಲದ ತೇವ ತಾಗದಿರಲಿ ಅಂತ ಮನೆಗಳನ್ನೇ ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ. ಮರದ ಮನೆ, ಮುಂದೆ ಉದ್ದ ಜಗಲಿ. ಅದಕ್ಕೆ ಓದಾ ಅಂತಾರೆ. ಹೆಸರು ನೆನಪಿರಲಿ, ಆಮೇಲೆ ಬರುತ್ತದೆ.

ಈ ಮಳೆ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯನ್ನು ಕಂಬ, ತಂತಿಗೆ ಕಟ್ಟುತ್ತಿರಲಿಲ್ಲ. ಮರಕ್ಕೆ ಹಬ್ಬಿಸುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಅಡಿಕೆ ಮರಕ್ಕೋ ಸಿಲ್ವರ್ ಓಕ್ ಮರಕ್ಕೋ ಕಾಳುಮೆಣಸಿನ ಬಳ್ಳಿ ಬಿಡ್ತೀವಲ್ಲ, ಹಾಗೇ. ಆಲ್ಡರ್ ಅಂತ ಒಂದು ಕಾಡು ಮರ, ಇಲ್ಲ ಪರ್ಸಿಮನ್ ಹಣ್ಣಿನ ಮರ. ಬಳ್ಳಿ ಮರದ ತುದಿವರೆಗೂ ಹೋಗುತ್ತದೆ. ಈ ಪದ್ಧತಿಗೆ ಮಗ್ಲಾರಿ ಅಂತ ಹೆಸರು. ಹಣ್ಣು ಮಾಗುವುದು ತುಂಬಾ ತಡ, ನವೆಂಬರ್‌ನಲ್ಲಿ, ಕೆಲವು ವರ್ಷ ಇನ್ನೂ ತಡ. ಆ ಚಳಿಯಲ್ಲಿ, ಮಳೆಗೆ ನೆಂದು ಜಾರುವ ಮರ ಹತ್ತಿ, ಕೆಳಗೆ ಚೂಪಾಗಿರುವ ಉದ್ದ ಬುಟ್ಟಿಯಲ್ಲಿ ಗೊಂಚಲು ತುಂಬಿ, ಹಗ್ಗದಲ್ಲಿ ಇಳಿಸಬೇಕು. ಕೆಳಗಿನವರು ಖಾಲಿ ಮಾಡಿ ಕಳಿಸಬೇಕು, ಮೇಲಿನವರು ಮತ್ತೆ ಎಳೆದುಕೊಳ್ಳಬೇಕು. ಫೋಟೋದಲ್ಲಿ ನೋಡೋಕೆ ಚೆನ್ನಾಗಿರುತ್ತದೆ. ಮಳೆಗೆ ಗೊನೆ ನೆನೆಯದ ಹಾಗೆ ಕೊಟ್ಟೆ ಕಟ್ಟಲು ಅಡಿಕೆ ಮರ ಹತ್ತಿದವರನ್ನು ಕೇಳಿ, ಅದು ಎಷ್ಟು ಚೆಂದ ಅಂತ ಹೇಳ್ತಾರೆ!

ಲಾಭವೂ ಇತ್ತು ಅನ್ನಿ. ನೆಲದಲ್ಲಿ ಮೆಕ್ಕೆಜೋಳ, ಮೇಲೆ ದ್ರಾಕ್ಷಿ, ಒಂದೇ ಜಾಗದಲ್ಲಿ ಎರಡು ಬೆಳೆ. ಎತ್ತರದಲ್ಲಿ ಗಾಳಿ ಆಡುತ್ತದೆ, ನೆಲದ ತೇವ ಮುಟ್ಟುವುದಿಲ್ಲ. ಔಷಧಿ ಗಿವಷಧಿ ಏನೂ ಬೇಕಿರಲಿಲ್ಲ, ಯಾಕಂದರೆ ದ್ರಾಕ್ಷಿಯ ಈಗಿನ ದೊಡ್ಡ ರೋಗಗಳೇ ಆಗ ಅಲ್ಲಿ ಇರಲಿಲ್ಲ.

ಆಮೇಲೆ ಬಂದವು. 1845ರ ಹೊತ್ತಿಗೆ ಇಂಗ್ಲೆಂಡಿನ ಗಾಜಿನ ಮನೆಯೊಂದರಲ್ಲಿ ದ್ರಾಕ್ಷಿ ಎಲೆ ಮೇಲೆ ಬೂದಿ ಚೆಲ್ಲಿದ ಹಾಗೆ ಒಂದು ಶಿಲೀಂಧ್ರ ಕಾಣಿಸಿಕೊಂಡಿತು. ನಮ್ಮ ರೈತರು ಬೂದಿ ರೋಗ ಅನ್ನುವುದು ಇದನ್ನೇ. ಅದು ಅಮೆರಿಕದಿಂದ ಬಂದದ್ದು. ಕೆಲವೇ ವರ್ಷಗಳಲ್ಲಿ ಯುರೋಪ್ ದಾಟಿ ಕಪ್ಪು ಸಮುದ್ರದವರೆಗೂ ಹೋಯಿತು. ಅದರ ಹಿಂದೆಯೇ ಬೇರು ತಿನ್ನುವ ಫಿಲೊಕ್ಸೆರಾ ಅನ್ನುವ ಹೇನು, ಅದೂ ಅಮೆರಿಕದ್ದೇ. ಜಾರ್ಜಿಯಾಕ್ಕೆ ಅದು ಬಂದದ್ದು 1880ರ ದಶಕದ ಶುರುವಿನಲ್ಲಿ. ಎಲೆಯ ಕೆಳಗೆ ಬಿಳಿ ಬೂಸ್ಟು ಹಿಡಿಯುವ ಡೌನಿ ರೋಗ ಕೂಡ ಅಲ್ಲಿಂದಲೇ.

ಈಗ ಯೋಚನೆ ಮಾಡಿ. ಬೂದಿ ರೋಗಕ್ಕೆ ಗಂಧಕದ ಪುಡಿ ಹೊಡೆಯಬೇಕು, ಡೌನಿಗೆ ತಾಮ್ರ ಹೊಡೆಯಬೇಕು, ಒಂದು ಸಲ ಅಲ್ಲ, ಪ್ರತಿ ಮಳೆಯ ಹಿಂದೆ ಮತ್ತೆ ಮತ್ತೆ. ಬಳ್ಳಿ ಇರುವುದು ಮರದ ತುದಿಯಲ್ಲಿ. ಹೇಗೆ ಹೊಡೀತೀರಿ? ಆಗಲ್ಲ. ಮಗ್ಲಾರಿ ಪದ್ಧತಿ ಮುಗಿದದ್ದು ಇಲ್ಲಿ. ಯಾರೂ ಸಂಪ್ರದಾಯ ಮರೆತಿದ್ದರಿಂದ ಮುಗಿದದ್ದಲ್ಲ. ಔಷಧಿ ತಲುಪದ ಎತ್ತರದಲ್ಲಿ ಬೆಳೆ ಇತ್ತು, ಅಷ್ಟೇ.

ರೈತರು ಏನು ಮಾಡಿದರು? ಅಮೆರಿಕದಿಂದಲೇ ಬಂದ ಇನ್ನೊಂದು ದ್ರಾಕ್ಷಿ ಹಿಡಿದುಕೊಂಡರು. ರೋಗ ಅಲ್ಲಿಯದ್ದು, ರೋಗಕ್ಕೆ ಬಗ್ಗದ ಬಳ್ಳಿಯೂ ಅಲ್ಲಿಯದ್ದು. ಅದರ ಹೆಸರು ಇಸಬೆಲ್ಲಾ. ಪಶ್ಚಿಮ ಜಾರ್ಜಿಯಾದಲ್ಲಿ ಅದನ್ನು ಅದೇಸಾ ಅಂತಾರೆ. ಅದಕ್ಕೆ ಔಷಧಿ ಹೆಚ್ಚು ಬೇಡ. ಜಗಲಿ ಕಂಬಕ್ಕೆ ಬಿಟ್ಟರೆ ತಾನಾಗೇ ಹಬ್ಬುತ್ತದೆ. ವೈನೂ ಆಗುತ್ತದೆ, ಸಾರಾಯಿಯೂ ಆಗುತ್ತದೆ, ರಸಕ್ಕೆ ಮೆಕ್ಕೆಜೋಳದ ಹಿಟ್ಟು ಹಾಕಿ ಕುದಿಸಿ ಪೆಲಮುಶಿ ಅಂತ ಒಂದು ಸಿಹಿ ಗಂಜಿ ಮಾಡ್ತಾರೆ, ಅದಕ್ಕೂ ಆಗುತ್ತದೆ. ಇಂಥ ಬಳ್ಳಿ ಇರುವಾಗ ಯಾರು ಓಜಲೇಶಿಗಾಗಿ ಮರ ಹತ್ತುತ್ತಾರೆ ಹೇಳಿ?

ಈ ಇಸಬೆಲ್ಲಾ ಯಾರು ಅಂತ ಗೊತ್ತಾಯ್ತಾ? ನಿಮ್ಮಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯವರು ಇದ್ದರೆ ನಿಮ್ಮ ಚಪ್ಪರದ ಮೇಲೇ ಇದೆ. ನಮ್ಮ ಬೆಂಗಳೂರು ನೀಲಿ. ತಳಿಶಾಸ್ತ್ರದವರು ಎರಡೂ ಒಂದೇ ಅಂತಾರೆ. ಆ ಗಟ್ಟಿ ಸಿಪ್ಪೆ, ಬಾಯಿಗೆ ಹಾಕಿದರೆ ಜಾರಿ ಹೊರಬರುವ ತಿರುಳು, ಹುಳಿಸಿಹಿ, ಆ ಒಂದು ಘಾಟು ವಾಸನೆ. 19ನೇ ಶತಮಾನದ ಮೊದಲ ಭಾಗದಲ್ಲಿ ನ್ಯೂಯಾರ್ಕ್ ಪಕ್ಕದ ಒಂದು ನರ್ಸರಿಯವರು ಹೆಸರಿಟ್ಟು ಮಾರಿದ ಬಳ್ಳಿ ಬೆಂಗಳೂರಿಗೂ ಬಂತು, ಸಮೆಗ್ರೆಲೊಗೂ ಹೋಯಿತು. ನಮ್ಮಲ್ಲಿ ಅದು ಊರಿನದ್ದೇ ಆಗಿ, ಜಿಐ ಟ್ಯಾಗ್ ಕೂಡ ಪಡೆಯಿತು. ಅಲ್ಲಿ ಅದು ಹಳೆಯ ತಳಿಯ ಜಾಗ ಕಿತ್ತುಕೊಂಡ ಪರದೇಶಿ. ಬಳ್ಳಿ ಒಂದೇ, ನೋಡಿ. ಯಾವುದು ನಮ್ಮದು, ಯಾವುದು ಹೊರಗಿನದು ಅಂತ ಆವೇಶದಲ್ಲಿ ಮಾತಾಡುವವರಿಗೆ ನಾನು ಈ ಉದಾಹರಣೆ ಕೊಡ್ತಾ ಇರ್ತೀನಿ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಓಜಲೇಶಿ ಆ ರೋಗಗಳ ಮಧ್ಯೆಯೂ ಪೂರ್ತಿ ಸಾಯದೇ ಉಳಿಯಲು ಸಹಾಯ ಮಾಡಿದವರಲ್ಲಿ ನೆಪೋಲಿಯನ್ ಮನೆತನದ ಒಬ್ಬರೂ ಇದ್ದರು. ನೆಪೋಲಿಯನ್ನನ ತಂಗಿ ಕ್ಯಾರೊಲಿನ್, ಅವಳ ಗಂಡ ಸೇನಾಪತಿ ಮ್ಯುರಾ. ಅವರ ಮೊಮ್ಮಗ ಅಶೀಲ್ ಮ್ಯುರಾ 1868ರಲ್ಲಿ ಸಮೆಗ್ರೆಲೊದ ರಾಜಮನೆತನದ ಸಲೋಮೆ ದಾದಿಯಾನಿಯನ್ನು ಮದುವೆಯಾದ. ಆಮೇಲೆ ಹೆಂಡತಿಯ ಊರಿಗೇ ಬಂದು ನೆಲೆಸಿ, ಸಲ್ಖಿನೊ ಅನ್ನುವ ಹಳ್ಳಿಯಲ್ಲಿ ಓಜಲೇಶಿ ತೋಟ ಮಾಡಿ ಫ್ರೆಂಚ್ ರೀತಿಯಲ್ಲಿ ವೈನ್ ತೆಗೆದ. ಆ ಸಂಬಂಧದಿಂದಲೇ ಝುಗ್ದಿದಿ ಪಟ್ಟಣದ ದಾದಿಯಾನಿ ಅರಮನೆಯಲ್ಲಿ ಇವತ್ತಿಗೂ ನೆಪೋಲಿಯನ್ ಸತ್ತಾಗ ತೆಗೆದ ಮುಖದ ಅಚ್ಚಿನ ಒಂದು ಪ್ರತಿ ಇದೆ. ಅರಸು ಮಕ್ಕಳಿಗೆ ಇದೆಲ್ಲ ಸಾಧ್ಯ, ಕೂಲಿ ಕೊಡೋಕೆ ದುಡ್ಡಿತ್ತು. ಸಣ್ಣ ರೈತನ ಮಾತೇ ಬೇರೆ.

ಸರಿ, ಮುಂದಕ್ಕೆ. ಸೋವಿಯತ್ ಕಾಲ ಹೇಳಿದೆ. 1985ರಲ್ಲಿ ಗೋರ್ಬಚೇವ್ ಕುಡಿತದ ವಿರುದ್ಧ ಅಭಿಯಾನ ಶುರು ಮಾಡಿದಾಗ ಎಷ್ಟೋ ತೋಟಗಳನ್ನು ಕಿತ್ತೇ ಹಾಕಿದರು. 1991ರಲ್ಲಿ ಸ್ವಾತಂತ್ರ್ಯ, ಅದರ ಜೊತೆಗೆ ಅಂತರ್ಯುದ್ಧ, ಕರೆಂಟಿಲ್ಲ, ಕೆಲಸ ಇಲ್ಲ. ಆದರೆ ನಿಜವಾದ ತಿರುವು 2006. ಆ ವರ್ಷ ರಷ್ಯಾ ಜಾರ್ಜಿಯಾದ ವೈನ್ ಆಮದನ್ನು ನಿಲ್ಲಿಸಿತು. ಅಲ್ಲಿಯವರೆಗೆ ರಫ್ತಿನ ಬಹುಪಾಲು ಹೋಗುತ್ತಿದ್ದದ್ದೇ ರಷ್ಯಾಕ್ಕೆ. 2013ರವರೆಗೆ ಆ ಬಾಗಿಲು ಮುಚ್ಚಿತ್ತು. ಅಗ್ಗದ ಸಿಹಿ ವೈನ್ ಇನ್ನು ಯಾರಿಗೂ ಬೇಡ. ಯುರೋಪ್, ಅಮೆರಿಕ, ಜಪಾನಿನ ಹೊಸ ಗಿರಾಕಿಗಳಿಗೆ ಬೇಕಾಗಿದ್ದದ್ದು ಬೇರೆಲ್ಲೂ ಸಿಗದ ಮಾಲು. ಬೇರೆಲ್ಲೂ ಸಿಗದ್ದು ಏನಿತ್ತು? ಆ 500 ತಳಿಗಳು, ಮತ್ತೆ ಕ್ವೆವ್ರಿ. ಕ್ವೆವ್ರಿ ಅಂದರೆ ಕತ್ತಿನವರೆಗೆ ನೆಲದಲ್ಲಿ ಹೂತ, ಒಳಗೆ ಜೇನುಮೇಣ ಸವರಿದ, ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಗುಡಾಣ. ದ್ರಾಕ್ಷಿ ತುಳಿದು ಅದಕ್ಕೆ ಸುರಿದು ಮುಚ್ಚಿಡುತ್ತಾರೆ, ನೆಲದ ತಂಪಿನಲ್ಲಿ ಅದು ತನ್ನಷ್ಟಕ್ಕೆ ಹುದುಗುತ್ತದೆ. ಈ ವಿಧಾನವನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಓಜಲೇಶಿಗೆ ಮತ್ತೆ ಗಿರಾಕಿ ಬಂದದ್ದು ಇಂಥ ಹೊತ್ತಿನಲ್ಲಿ. ಸಮೆಗ್ರೆಲೊದಲ್ಲಿ ಮಾರ್ಟ್ವಿಲಿ ಅಂತ ಒಂದು ಊರು. ಅಲ್ಲಿ 2012ರ ಸುಮಾರಿಗೆ ಜಾಜಾ ಗಾಗುವಾ ಮತ್ತು ಅವರ ಗೆಳೆಯ ನಿಕಾ ಪಾರ್ತ್ಸ್ವಾನಿಯಾ ಸೇರಿ ಸಣ್ಣ ವೈನರಿ ತೆರೆದರು. ಜಾಜಾ ಅವರ ಹೆಂಡತಿ ಕೇತೊ ನಿನಿಡ್ಜೆ, ವೈನ್ ಬಗ್ಗೆ ಬರೆಯುತ್ತಿದ್ದವರು. ಟಿಬಿಲಿಸಿ ಬಿಟ್ಟು ಮಾರ್ಟ್ವಿಲಿಯಲ್ಲಿ ನೆಲೆಸಿ ಆಕೆ ಕಟ್ಟಿದ ಮನೆ ವೈನರಿಯ ಹೆಸರು ಓದಾ, ಆಗ ಹೇಳಿದೆನಲ್ಲ, ಕಂಬದ ಮೇಲಿನ ಮರದ ಮನೆ, ಅದೇ ಹೆಸರು. ಜಾರ್ಜಿಯಾದಲ್ಲಿ ವೈನ್ ಕೋಣೆ ಅಂದರೆ ತಲೆಮಾರುಗಳಿಂದ ಗಂಡಸರ ಜಾಗ. ಹೆಂಗಸರು ದ್ರಾಕ್ಷಿ ಕೊಯ್ಯಬಹುದು, ಊಟಕ್ಕೆ ಬಡಿಸಬಹುದು, ಬಾಟಲಿ ಮೇಲೆ ಹೆಸರು ಮಾತ್ರ ಇರಲ್ಲ. ಅದು ಬದಲಾಗಿದ್ದೂ ಈ ಸಣ್ಣ ವೈನರಿಗಳಿಂದಲೇ, ದೊಡ್ಡ ಕಾರ್ಖಾನೆಗಳಿಂದ ಅಲ್ಲ.

ಈಗ ಅಜ್ಜನ ಲೆಕ್ಕಕ್ಕೆ ವಾಪಸ್ ಬರೋಣ. ಇಂಥ ವೈನರಿಗಳು ಮರಕ್ಕೆ ಬಳ್ಳಿ ಹಬ್ಬಿಸಿದವಾ? ಅಲ್ಲೊಂದು ಇಲ್ಲೊಂದು ನೆನಪಿಗೆ ಇರಬಹುದು. ತೋಟ ಅಂತ ಮಾಡಿದಾಗ ಕಂಬ, ತಂತಿಗೇ ಕಟ್ಟುತ್ತಾರೆ, ಕೈಗೆ ಸಿಗುವ ಎತ್ತರದಲ್ಲಿ. ಬೇರು ತಿನ್ನುವ ಹೇನಿಗೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿದ ಸಸಿ. ನಮ್ಮ ವಿಜಯಪುರದ ಕಡೆ ಡಾಗ್ರಿಡ್ಜ್ ಅನ್ನುವ ಬಳ್ಳಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿ ಕಸಿ ಕಟ್ಟುತ್ತಾರಲ್ಲ, ಆ ಬೇರೂ ಅಮೆರಿಕದ್ದೇ, ಅಲ್ಲಿ ಹೇನಿಗಾಗಿ, ನಮ್ಮಲ್ಲಿ ಉಪ್ಪು ನೀರು, ಬರಕ್ಕಾಗಿ. ಅಂದರೆ ಇವತ್ತಿನ ಓಜಲೇಶಿ ತೋಟದಲ್ಲಿ ನೆಲದ ಮೇಲಿರುವುದು ಸಮೆಗ್ರೆಲೊ, ಕೆಳಗಿರುವುದು ಅಮೆರಿಕ. ಶುದ್ಧ ಸಂಪ್ರದಾಯ ಬೇಕು ಅನ್ನುವವರಿಗೆ ಇದು ಇಷ್ಟ ಆಗಲ್ಲ. ನನಗೆ ಇದೇ ಸರಿ ಅನ್ನಿಸುತ್ತದೆ. ತಳಿ ಉಳಿಸಬೇಕಾದರೆ ಅದನ್ನು ಬೆಳೆಯುವ ಹಳೇ ಕಷ್ಟವನ್ನೂ ಉಳಿಸಬೇಕು ಅಂತ ಏನಿಲ್ಲ.

ಸಾವಯವದ ಪ್ರಶ್ನೆ ಇನ್ನೂ ತೊಡಕಿನದ್ದು. ಒಣ ಸೀಮೆಯಲ್ಲಿ ಸಾವಯವ ದ್ರಾಕ್ಷಿ ಬೆಳೆಯುವುದು ಒಂದು ಮಟ್ಟಿಗೆ ಸುಲಭ. ಮಳೆ ಸೀಮೆಯಲ್ಲಿ, ನವೆಂಬರ್‌ವರೆಗೂ ಹಣ್ಣು ಬಳ್ಳಿಯಲ್ಲೇ ಇರಬೇಕಾದ ತಳಿಯಲ್ಲಿ, ಕಷ್ಟ. ಸಾವಯವ ಅಂದರೆ ಏನೂ ಹೊಡೆಯಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹೊಡೀತಾರೆ. ಗಂಧಕಕ್ಕೆ ಅನುಮತಿ ಇದೆ, ಬೋರ್ಡೋ ದ್ರಾವಣಕ್ಕೂ ಇದೆ. ಬೋರ್ಡೋ ಅಂದಾಗ ಇಲ್ಲಿ ಅಡಿಕೆ ಬೆಳೆಗಾರರ ಮುಖ ಅರಳಿತು, ನೋಡಿದೆ! ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅದರ ಕಥೆ ಗೊತ್ತಾ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳುತ್ತಾರೆ ಅಂತ ತೋಟದವರು ರಸ್ತೆ ಪಕ್ಕದ ಸಾಲುಗಳಿಗೆ ಸುಣ್ಣ, ಮೈಲುತುತ್ತ ಬೆರೆಸಿ ಬಳಿಯುತ್ತಿದ್ದರು. ನೀಲಿ ಕಂಡು ಕಳ್ಳರು ಮುಟ್ಟುತ್ತಿರಲಿಲ್ಲ. ಡೌನಿ ರೋಗ ಬಂದ ವರ್ಷ ಬೇರೆ ಸಾಲುಗಳ ಎಲೆ ಉದುರಿತು, ರಸ್ತೆ ಪಕ್ಕದ್ದು ಹಸಿರಾಗೇ ಇತ್ತು. ಮಿಲಾರ್ದೆ ಅನ್ನುವ ಸಸ್ಯಶಾಸ್ತ್ರದ ಮೇಷ್ಟ್ರು ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಅದೇ ದ್ರಾವಣವನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದವರು ಕೋಲ್ಮನ್, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ. ದ್ರಾಕ್ಷಿ ಕಳ್ಳರನ್ನು ಹೆದರಿಸೋಕೆ ಬಳಿದದ್ದು ತೀರ್ಥಹಳ್ಳಿ, ಸಾಗರದ ತೋಟಗಳಿಗೆ ಬಂದದ್ದು ಹೀಗೆ.

ಆದರೆ ತಾಮ್ರ ಮಣ್ಣಿಗೆ ಬಿದ್ದರೆ ಎಲ್ಲಿಗೂ ಹೋಗಲ್ಲ. ವರ್ಷ ವರ್ಷ ಸೇರುತ್ತಾ ಹೋಗುತ್ತದೆ, ಎರೆಹುಳಕ್ಕೆ ಒಳ್ಳೆಯದಲ್ಲ. ಅದಕ್ಕೇ ಯುರೋಪಿನ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರ ಅಂತ ಮಿತಿ ಹಾಕಿದೆ. ಮಳೆ ಜಾಸ್ತಿಯಾದ ವರ್ಷ ಆ ಮಿತಿಯೊಳಗೆ ಬೆಳೆ ಉಳಿಸಿಕೊಳ್ಳುವುದು ಸುಮ್ನೆ ಮಾತಲ್ಲ. ಹಾಗಾಗಿ ಉಳಿದದ್ದನ್ನು ಕೈಯಲ್ಲೇ ಮಾಡಬೇಕು. ಗೊಂಚಲ ಸುತ್ತ ಎಲೆ ತೆಗೆದು ಗಾಳಿ ಬಿಡಬೇಕು, ಹುಲ್ಲು ಎತ್ತರ ಬೆಳೆಯದ ಹಾಗೆ ಕತ್ತರಿಸಬೇಕು, ಕೊಳೆತ ಕಾಯಿ ಆಗಾಗ ಆರಿಸಬೇಕು. ಎಲ್ಲ ಕೂಲಿ ಲೆಕ್ಕ. ಪಕ್ಕದ ಮನೆಯ ಜಗಲಿಯಲ್ಲಿ ಅದೇಸಾ ಏನೂ ಕೇಳದೆ ಹಣ್ಣು ಬಿಟ್ಟಿರುತ್ತದೆ.

ಹಾಗಾದರೆ ಈ ಕೂಲಿ ಯಾರು ಕೊಡುತ್ತಾರೆ? ಊರಿನವರು ಕೊಡಲ್ಲ. ಅಲ್ಲಿ ಹಳ್ಳಿಯ ಹೆಚ್ಚಿನ ಮನೆಗಳಲ್ಲಿ ವೈನ್ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ನಾವು ಉಪ್ಪಿನಕಾಯಿ ಹಾಕಿದಷ್ಟು ಸಹಜ. ದುಡ್ಡು ಕೊಟ್ಟು ಬಾಟಲಿ ಯಾಕೆ ತಗೊಳ್ತಾರೆ? ಕೊಡುವವರು ದೂರದ ಗಿರಾಕಿಗಳು, ಮತ್ತೆ ಮನೆಗೇ ಬರುವ ಪ್ರವಾಸಿಗಳು. ಮಾರ್ಟ್ವಿಲಿಯಲ್ಲಿ ನೀರು ಕೊರೆದ ಚಂದದ ಕಣಿವೆ ಇದೆ, ದೋಣಿ ವಿಹಾರಕ್ಕೆ ಜನ ಬರುತ್ತಾರೆ. ಓದಾದವರು ಅಂಗಳದಲ್ಲೇ ಊರ ಅಡುಗೆ ಬಡಿಸಿ ಜೊತೆಗೆ ತಮ್ಮ ವೈನ್ ಇಡುತ್ತಾರೆ. ಊಟ, ವೈನ್, ಮನೆ, ತೋಟ, ಎಲ್ಲ ಸೇರಿ ಒಂದು ಸಂಸಾರದ ಆದಾಯ. ಬರೀ ಹಣ್ಣು ಮಾರುತ್ತಿದ್ದರೆ ಓಜಲೇಶಿ ಮತ್ತೆ ಸೋಲುತ್ತಿತ್ತು. ಇದಕ್ಕೆ ಇನ್ನೊಂದು ಮುಖವೂ ಇದೆ. ಇಸಬೆಲ್ಲಾದಂಥ ಅಮೆರಿಕದ ಆರು ದ್ರಾಕ್ಷಿಗಳಿಂದ ವೈನ್ ಮಾಡಿ ಮಾರುವುದನ್ನು ಫ್ರಾನ್ಸ್ 1934ರಲ್ಲೇ ಕಾನೂನಿನಿಂದ ತಡೆಯಿತು, ಈಗ ಯುರೋಪಿನ ಒಕ್ಕೂಟದ ನಿಯಮವೂ ಅದೇ. ಅಂದರೆ ಅದೇಸಾ ಮನೆ ಗೆಲ್ಲಬಹುದು, ಪ್ಯಾರಿಸ್‌ಗೆ ಹೋಗಲಾರದು. ಪೇಟೆಯ ನಿಯಮ ಇಲ್ಲಿ ಓಜಲೇಶಿಯ ಕಡೆ ಇದೆ.

ಸರ್ಕಾರ ಏನೂ ಮಾಡಲಿಲ್ಲವಾ ಅಂತ ಕೇಳಬಹುದು. ಮಾಡಿದೆ. ಟಿಬಿಲಿಸಿ ಹತ್ತಿರ ಜಿಘೌರಾ ಅನ್ನುವಲ್ಲಿ 400ಕ್ಕೂ ಹೆಚ್ಚು ಸ್ಥಳೀಯ ತಳಿಗಳ ಸಂಗ್ರಹದ ತೋಟ ಇದೆ. ಅದು ಬೀಜದ ಪೆಟ್ಟಿಗೆ ಇದ್ದ ಹಾಗೆ, ಬೇಕೇ ಬೇಕು. ಆದರೆ ಅಲ್ಲಿಂದ ಹೊರಬಂದ ಸಸಿ ಯಾರದೋ ಹೊಲದಲ್ಲಿ ನಿಲ್ಲಬೇಕಾದರೆ ಮತ್ತೆ ದುಡ್ಡಿನ ಮಾತೇ ಬರುತ್ತದೆ. ನಮ್ಮ ಸಿದ್ದು ಹಲಸು ನೆನಪಿಸಿಕೊಳ್ಳಿ. ಗುಬ್ಬಿ ತಾಲ್ಲೂಕು ಚೇಳೂರಿನ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ನೆಟ್ಟ ಒಂದೇ ಮರ. ಕೆಂಪು ತೊಳೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಕಸಿ ಸಸಿ ಮಾಡಿ ಮಾರುವ ಒಪ್ಪಂದ ಮಾಡಿಕೊಂಡರು, ಬಂದ ಹಣದ 75% ರೈತನಿಗೆ. ಅಲ್ಲಿ ದಾರಿ ಬಾಟಲಿ, ಇಲ್ಲಿ ಸಸಿ. ಎರಡರಲ್ಲೂ ತಳಿ ಇಟ್ಟುಕೊಂಡವರ ಕೈಗೆ ಕಾಸು ಬಂತು.

ಕೊನೆಗೆ ಒಬ್ಬರು ಕೇಳಿದರು: ಹಾಗಾದರೆ ನಮ್ಮ ಬೆಂಗಳೂರು ನೀಲಿ ಖಳನಾಯಕನಾ? ಅದನ್ನು ಕಿತ್ತು ಬೇರೆ ಹಾಕಬೇಕಾ? ಕಿತ್ತು ಹಾಕ್ತಾನೇ ಇದ್ದಾರಲ್ಲ. ಚಿಕ್ಕಬಳ್ಳಾಪುರ ಕಡೆ ದಿಲ್‌ಖುಷ್, ಶರದ್, ರೆಡ್ ಗ್ಲೋಬ್ ಹಾಕಿದವರು ಎಷ್ಟು ಜನ ಇಲ್ಲ? ಉಳಿದ ಕಡೆ ಸೈಟು ಆಗಿದೆ. ನೀಲಿಗೆ ವರ್ಷಕ್ಕೆ ಎರಡು ಬೆಳೆ ಬರುತ್ತದೆ, ರೋಗ ಕಡಿಮೆ, ಆದರೆ ಜ್ಯೂಸಿಗೆ, ಅಗ್ಗದ ವೈನಿಗೆ ಹೋಗುವ ಹಣ್ಣು ಅಂತ ಬೆಲೆ ಸಿಗಲ್ಲ. ಒಂದು ಕಾಲದಲ್ಲಿ ಓಜಲೇಶಿಯನ್ನು ಓಡಿಸಿದ ಬಳ್ಳಿ, ನಮ್ಮಲ್ಲಿ ಓಜಲೇಶಿಯ ಸ್ಥಿತಿಗೇ ಬರ್ತಾ ಇದೆ.

ಆಸ್ಟ್ರಿಯಾದ ಒಂದು ಉದಾಹರಣೆ ಹೇಳಿ ನಿಲ್ಲಿಸ್ತೀನಿ. ಅಲ್ಲಿನ ದಕ್ಷಿಣ ಬುರ್ಗೆನ್‌ಲ್ಯಾಂಡ್‌ನ ಹಳ್ಳಿಗಳಲ್ಲಿ ಇದೇ ಇಸಬೆಲ್ಲಾ ಮತ್ತು ಅದರ ಜಾತಿಯ ಬಳ್ಳಿಗಳಿಂದ ಊಹುಡ್ಲರ್ ಅನ್ನುವ ಗುಲಾಬಿ ವೈನ್ ಮಾಡುತ್ತಿದ್ದರು. ಕಾಡು ಸ್ಟ್ರಾಬೆರಿ ವಾಸನೆ. ಕೀಳು ಮಾಲು ಅಂತ ವರ್ಷಗಟ್ಟಲೆ ನಿಷೇಧ ಇತ್ತು, ಮನೆಯಲ್ಲಿ ಕುಡಿಯಬಹುದು, ಮಾರುವಂತಿಲ್ಲ. ಊರಿನವರು ಬಿಡಲಿಲ್ಲ, ಸಂಘ ಕಟ್ಟಿಕೊಂಡು ಜಗಳ ಮಾಡಿದರು. 1992ರಲ್ಲಿ ಆ ಕೆಲವು ಊರುಗಳಿಗೆ ಮಾತ್ರ ಅನುಮತಿ ಸಿಕ್ಕಿತು. ಈಗ ಅದೇ ಘಾಟು ವಾಸನೆಗಾಗಿ ಜನ ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಒಂದು ಸಂಸಾರ, ನಾಲ್ಕೈದು ಎಕರೆ ನೀಲಿ ಇಟ್ಟುಕೊಂಡು, ಸಿಹಿ ಸಕ್ಕರೆ ಸುರಿಯದೆ, ಹೆಸರು ಹಾಕಿ ಒಳ್ಳೆಯ ಜ್ಯೂಸೋ ವೈನೋ ಮಾಡಿದರೆ ಕೊಳ್ಳೋರು ಬೆಂಗಳೂರಿನಲ್ಲೇ ಒಂದು ಗಂಟೆ ದೂರದಲ್ಲಿದ್ದಾರೆ. ಲೈಸೆನ್ಸ್ ವಿಷಯ ಬೇರೆ, ಅದಕ್ಕೆ ಇನ್ನೊಂದು ಸಂಜೆ ಬೇಕು.